ಸ್ಲೈಸರ್ ಮಣೆಯ ಮೇಲಿನ ಕೊನೆಯ ತುಂಡು

ಪ್ರಶ್ನೆ: ಮೇಡಂ, ಹೋದ ತಿಂಗಳು ಮ್ಯಾಂಡೊಲಿನ್ ಸ್ಲೈಸರ್, ಅಂದರೆ ಅಲಗು ಕೂರಿಸಿದ ತರಕಾರಿ ಹೆಚ್ಚುವ ಮಣೆ, ತಂದೆ. ಮೂರನೇ ದಿನಕ್ಕೇ ಹೆಬ್ಬೆರಳ ತುದಿ ಕೊಯ್ದುಕೊಂಡೆ. ಅಂದಿನಿಂದ ಅದು ಡಬ್ಬಿಯಲ್ಲೇ ಕೂತಿದೆ. ಮನೆಯವರು ಎಸೆದುಬಿಡು ಅನ್ನುತ್ತಾರೆ. ಎಸೆಯಲೇ, ಇಟ್ಟುಕೊಳ್ಳಲೇ?

ಉತ್ತರ: ಮೊದಲು ಗಾಯ ಪೂರ್ತಿ ಮಾಯಲಿ. ಅಲ್ಲಿಯವರೆಗೆ ಡಬ್ಬಿ ತೆಗೆಯಬೇಡಿ. ಆಮೇಲೆ ತೆಗೆದು ಬಳಸಿ, ಎಸೆಯಬೇಡಿ ಎಂದೇ ನನ್ನ ಸಲಹೆ.

ನನ್ನ ಬಲಗೈ ತೋರುಬೆರಳ ತುದಿಯಲ್ಲೂ ಅಂಥದೇ ಗುರುತಿದೆ, ಏಳು ವರ್ಷದ್ದು. ಆಲೂಗಡ್ಡೆಯನ್ನು ತೆಳ್ಳಗೆ ಬಿಲ್ಲೆ ಮಾಡುತ್ತಿದ್ದೆ. ಕೊನೆಯ ಗಡ್ಡೆ, ಅದರಲ್ಲೂ ಹೆಬ್ಬೆರಳಗಲ ಉಳಿದಿತ್ತು. ತರಕಾರಿಯನ್ನು ಮುಳ್ಳುಗಳಿಂದ ಹಿಡಿದು ಕೈ ಕಾಯುವ ಗಾರ್ಡ್ ಪಕ್ಕದಲ್ಲೇ ಇತ್ತು. ಇನ್ನೆರಡು ಸಲ ಎಳೆದರೆ ಮುಗಿಯಿತಲ್ಲ ಎಂದು ಬರಿಗೈಯಲ್ಲೇ ಎಳೆದೆ. ನೋವು ಗೊತ್ತಾಗುವ ಮೊದಲೇ ಬಿಳಿ ಬಿಲ್ಲೆಗಳ ಮೇಲೆ ಕೆಂಪು ಕಂಡಿತು. ಗಾಯ ಮಾಯಲು ಮೂರು ವಾರ ಬೇಕಾಯಿತು. ಬೆರಳ ತುದಿಗೆ ಸ್ಪರ್ಶ ಮರಳುವಷ್ಟರಲ್ಲಿ ತಿಂಗಳುಗಳೇ ಕಳೆದವು. ಗುಂಡಿ ಹಾಕಿಕೊಳ್ಳುವುದೂ ಕಷ್ಟವಾಗಿತ್ತು.

ಆಮೇಲೆ ಕೂತು ಯೋಚಿಸಿದಾಗ ಹೊಳೆದದ್ದು ಇಷ್ಟು. ಚಾಕು ಹಿಡಿದಾಗ ಅಲಗು ಚಲಿಸುತ್ತದೆ, ತರಕಾರಿ ಹಿಡಿದ ಕೈ ನಿಂತಿರುತ್ತದೆ. ಸ್ಲೈಸರ್‌ನಲ್ಲಿ ಅಲಗು ನಿಂತಿರುತ್ತದೆ, ಕೈಯೇ ಅದರ ಕಡೆಗೆ ಹೋಗುತ್ತದೆ, ಅದೂ ಒತ್ತಿಕೊಂಡು. 2 ಮಿಲಿಮೀಟರ್ ದಪ್ಪಕ್ಕೆ ಇಟ್ಟುಕೊಂಡಿದ್ದರೆ ಹತ್ತು ಸಲ ಎಳೆಯುವಷ್ಟರಲ್ಲಿ ಬೆರಳು ಅಲಗಿಗೆ 2 ಸೆಂಟಿಮೀಟರ್ ಹತ್ತಿರ ಬಂದಿರುತ್ತದೆ. ಕೈಗೆ ಮಾತ್ರ ಅದು ತಿಳಿಯುವುದಿಲ್ಲ. ಮೊದಲ ಎಳೆತದ ವೇಗ ಅದಕ್ಕೆ ಒಗ್ಗಿಹೋಗಿರುತ್ತದೆ, ಅದೇ ವೇಗದಲ್ಲಿ ಹೋಗುತ್ತದೆ.

ಹಾಗಾಗಿ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನಾನೀಗ ಹೆಚ್ಚಲು ಶುರುಮಾಡುವ ಮೊದಲೇ ತೀರ್ಮಾನಿಸುತ್ತೇನೆ. ಎರಡು ಬೆರಳಗಲ ಉಳಿದಾಗ ನಿಲ್ಲಿಸಿ, ಆ ತುಂಡನ್ನು ಚಾಕುವಿನಿಂದ ಹೆಚ್ಚುತ್ತೇನೆ. ಬಿಲ್ಲೆಗಳು ಒಂದೇ ದಪ್ಪಕ್ಕೆ ಬಾರದಿದ್ದರೂ ಬೇಯಿಸುವ ಪಾತ್ರೆಗೆ ಅವೂ ಹೋಗುತ್ತವೆ. ಗಾರ್ಡ್ ಹಾಕಿದರೂ ಅದರ ಮುಳ್ಳುಗಳು ಹಿಡಿದುಕೊಂಡ ಕೊನೆಯ ಭಾಗ ಉಳಿದೇ ಉಳಿಯುತ್ತದೆ. ಅದನ್ನೂ ಮಣೆಯ ಮೇಲೇ ಹೆಚ್ಚಿ ಮುಗಿಸಲು ಹೋಗಬೇಡಿ.

ಇನ್ನು ಹೆಚ್ಚುವ ಕ್ರಮ. ಮಣೆಯ ಕಾಲುಗಳ ಕೆಳಗೆ ಒದ್ದೆ ಬಟ್ಟೆ ಹಿಂಡಿ ಹಾಸಿ, ಜಾರಬಾರದು. ತರಕಾರಿಯ ಒಂದು ಬದಿ ಚಾಕುವಿನಿಂದ ಚಪ್ಪಟೆ ಮಾಡಿಕೊಳ್ಳಿ. ದುಂಡಗಿರುವುದನ್ನು ಹಾಗೇ ಇಟ್ಟರೆ ಮೊದಲ ಎಳೆತದಲ್ಲೇ ಉರುಳುತ್ತದೆ. ಎಲೆಕೋಸು, ದೊಡ್ಡ ಈರುಳ್ಳಿ ಇದ್ದರೆ ಎರಡು ಹೋಳು ಮಾಡಿ, ಚಪ್ಪಟೆ ಬದಿ ಅಲಗಿಗೆ ತಾಗಲಿ. ಗಾರ್ಡ್‌ನಿಂದ ಹಿಡಿಯಲಾಗದ ದೊಡ್ಡ ಹೋಳನ್ನು ಅಂಗೈಯಿಂದ ಒತ್ತಿ, ಬೆರಳುಗಳನ್ನು ಮೇಲಕ್ಕೆ ಎತ್ತಿಕೊಳ್ಳಿ, ಮುಂದಕ್ಕೆ ಬಗ್ಗಿಸಬೇಡಿ. ಹೋಳು ಸಣ್ಣದಾದ ಕೂಡಲೇ ಗಾರ್ಡ್‌ಗೆ ಬದಲಾಯಿಸಿ. ಬಲವಾಗಿ ಒತ್ತಬೇಕಾಗಿ ಬಂದರೆ ಅಲ್ಲಿಗೇ ನಿಲ್ಲಿಸಿ. ಒಂದೋ ದಪ್ಪ ಹೆಚ್ಚಾಗಿದೆ, ಇಲ್ಲವೇ ಅಲಗು ಮೊಂಡಾಗಿದೆ. ಜೋರಾಗಿ ಒತ್ತುವ ಕೈ ತಟ್ಟನೆ ಬಿಟ್ಟುಕೊಂಡಾಗಲೇ ಅಲಗಿನ ಮೇಲೆ ಹೋಗುತ್ತದೆ. ಪಿಷ್ಟವಿರುವ ಆಲೂಗಡ್ಡೆ ಮಣೆಗೆ ಅಂಟಿಕೊಂಡರೆ ಮಣೆಯನ್ನು ನೀರಿನಿಂದ ಒದ್ದೆ ಮಾಡಿ, ಎಳೆತ ಹಗುರವಾಗುತ್ತದೆ. ಮಾತಾಡುತ್ತಾ ಹೆಚ್ಚಬೇಡಿ. ಯಾರಾದರೂ ಕರೆದರೆ ತರಕಾರಿ ಕೆಳಗಿಟ್ಟು ತಿರುಗಿ ನೋಡಿ.

ಪ್ರಶ್ನೆ: ಕೊಳ್ಳುವಾಗ ನೇರ ಅಲಗು ಒಳ್ಳೆಯದೋ, ಇಂಗ್ಲಿಷಿನ ವಿ ಆಕಾರದ್ದೋ?

ಉತ್ತರ: ಅಲಗು ನೋಡುವ ಮೊದಲು ಗಾರ್ಡ್ ನೋಡಿ. ಅದು ಕೈಯಲ್ಲಿ ಗಟ್ಟಿಯಾಗಿ ಕೂರಬೇಕು, ಮಣೆಯ ಎರಡೂ ಅಂಚಿನ ಹಳಿಯಲ್ಲಿ ಸಿಕ್ಕಿಕೊಂಡು ಜಾರಬೇಕು, ತರಕಾರಿ ಸಣ್ಣದಾದಂತೆ ತಾನೂ ಕೆಳಗಿಳಿಯಬೇಕು. ಗಾರ್ಡ್ ಅಡ್ಡಿ ಎನಿಸಿದರೆ ಎರಡನೇ ದಿನವೇ ಮೂಲೆ ಸೇರುತ್ತದೆ, ನನ್ನ ಗಾರ್ಡ್‌ಗೂ ಆದದ್ದು ಅದೇ.

ವಿ ಅಲಗು ತರಕಾರಿಯನ್ನು ಎರಡು ಕಡೆಯಿಂದ ಓರೆಯಾಗಿ ಸೀಳುತ್ತದೆ, ಒತ್ತಡ ಕಡಿಮೆ ಸಾಕು. ಟೊಮೆಟೊದಂಥ ಮೆತ್ತನೆಯದು ಜಜ್ಜಿಹೋಗದೆ ಬರುತ್ತದೆ. ಆದರೆ ಅದನ್ನು ಮನೆಯಲ್ಲಿ ಸಾಣೆ ಹಿಡಿಯುವುದು ಕಷ್ಟ. ನೇರ ಅಲಗು ಬಿಚ್ಚಲು ಬರುವಂಥದ್ದಾದರೆ ಸಾಣೆ ಸುಲಭ. ಜಪಾನಿ ಮಾದರಿಯಲ್ಲಿ ಒಂದೇ ಅಲಗು ಓರೆಯಾಗಿರುತ್ತದೆ, ಮಣೆ ಹಗುರ. ಎಡಗೈಯವರು ಈ ಓರೆ ಅಲಗಿನ ಮಣೆಯನ್ನು ಬಳಸಿ ನೋಡಿಯೇ ಕೊಳ್ಳಬೇಕು. ನೇರ ಮತ್ತು ವಿ ಅಲಗು ಎರಡೂ ಕೈಗೆ ಒಂದೇ.

ದಪ್ಪ ಬದಲಿಸುವ ತಿರುಪು ಅಲಗಿನಿಂದ ದೂರದಲ್ಲಿರಲಿ. ಕೆಲಸ ಮುಗಿದ ಮೇಲೆ ಅಲಗು ಮುಚ್ಚಿಕೊಳ್ಳುವ ಅಥವಾ ಬೀಗ ಬೀಳುವ ವ್ಯವಸ್ಥೆ ಇರಲಿ. ಹತ್ತು ಬಗೆಯ ಬಿಡಿ ಅಲಗು ಕೊಡುತ್ತಾರೆಂದು ಮರುಳಾಗಬೇಡಿ. ಹೆಚ್ಚಿನ ಮನೆಗಳಲ್ಲಿ ಬಿಲ್ಲೆಯ ಅಲಗು, ಕಡ್ಡಿ ಮಾಡುವ ಅಲಗು, ಈ ಎರಡೇ ಬಳಕೆಯಾಗುವುದು. ಉಳಿದವು ಡ್ರಾಯರ್‌ನಲ್ಲಿ ಬಿದ್ದಿದ್ದು, ಏನನ್ನೋ ಹುಡುಕುವ ಕೈಗೆ ತಾಗುತ್ತವೆ.

ಪ್ರಶ್ನೆ: ಕೊಯ್ಯದ ಕೈಗವಸು ಸಿಗುತ್ತದಂತೆ. ಅದಿದ್ದರೆ ಗಾರ್ಡ್ ಬೇಡವಲ್ಲವೇ?

ಉತ್ತರ: ಕೊಯ್ಯದ ಕೈಗವಸು ಎಂಬುದಿಲ್ಲ, ಕೊಯ್ತವನ್ನು ತಡೆದುಕೊಳ್ಳುವ ಕೈಗವಸು ಇದೆ. ಯುರೋಪಿನ ಇಎನ್ 388 ಮಾನದಂಡದಲ್ಲಿ ಕೊಯ್ತ ತಡೆಯುವ ಶಕ್ತಿಗೆ ಎ ಇಂದ ಎಫ್‌ವರೆಗೆ ಅಕ್ಷರ ಕೊಡುತ್ತಾರೆ, ಎಫ್ ಅತಿ ಗಟ್ಟಿ. ಅಮೆರಿಕದ ಮಾನದಂಡದಲ್ಲಿ ಎ1ರಿಂದ ಎ9. ಗುರುತೇ ಇಲ್ಲದ ಕೈಗವಸು ಬೇಡ. ಹೆಣೆದ ನೂಲಿನ ಕೈಗವಸು ಚಾಕುವಿನ ಮೊನೆ ಚುಚ್ಚುವುದನ್ನು ತಡೆಯುವುದಿಲ್ಲ. ಬೆರಳಿಗೆ ಬಿಗಿಯಾಗಿ ಕೂರಬೇಕು, ತುದಿ ಸಡಿಲವಿದ್ದರೆ ಅದೇ ಅಲಗಿಗೆ ಸಿಕ್ಕಿಕೊಳ್ಳುತ್ತದೆ. ಪಾಲಿಥೀನ್ ಜಾತಿಯ ನೂಲಿನದಾದರೆ ಒಲೆಯ ಬಿಸಿ ಪಾತ್ರೆ ಮುಟ್ಟಬೇಡಿ, ನೂಲು ಕರಗುತ್ತದೆ. ಪ್ರತಿ ಸಲ ಒಗೆಯಿರಿ.

ನಾನು ಕೈಗವಸನ್ನೂ ಹಾಕುತ್ತೇನೆ, ಗಾರ್ಡನ್ನೂ ಹಿಡಿಯುತ್ತೇನೆ. ಒಂದನ್ನೇ ಆರಿಸಿ ಎಂದರೆ ಗಾರ್ಡನ್ನೇ ಆರಿಸುತ್ತೇನೆ, ಅದು ಬೆರಳನ್ನು ಅಲಗಿನಿಂದ ದೂರ ಇಡುತ್ತದೆ.

ಪ್ರಶ್ನೆ: ಕೊಯ್ದಾಗ ತಕ್ಷಣ ಏನು ಮಾಡಬೇಕು?

ಉತ್ತರ: ನಲ್ಲಿಯ ಹರಿಯುವ ನೀರಿನಲ್ಲಿ ತೊಳೆದು, ಶುಭ್ರ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿಹಿಡಿಯಿರಿ. ಕೈ ಎದೆಗಿಂತ ಮೇಲಿರಲಿ. ಪೂರ್ತಿ ಹತ್ತು ನಿಮಿಷ ಒತ್ತಿ, ನಡುವೆ ತೆಗೆದು ನೋಡಬೇಡಿ. ನೋಡಿದಾಗಲೆಲ್ಲ ಹೆಪ್ಪು ಒಡೆಯುತ್ತದೆ. ಉಂಗುರವಿದ್ದರೆ ಊದುವ ಮೊದಲೇ ತೆಗೆಯಿರಿ. ರಕ್ತ ನಿಲ್ಲದಿದ್ದರೆ, ಬೆರಳು ಜೋಮು ಹಿಡಿದಿದ್ದರೆ, ಮಡಚಲು ಬಾರದಿದ್ದರೆ ವೈದ್ಯರ ಬಳಿ ಹೋಗಲೇಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಕಾಯುತ್ತ ಕೂರಬೇಡಿ. ತುದಿಯೇ ತುಂಡಾಗಿದ್ದರೆ ಅದನ್ನು ಒದ್ದೆ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಕೊಂಡೊಯ್ಯಿರಿ. ಮಂಜುಗಡ್ಡೆ ತುಂಡಿಗೆ ನೇರವಾಗಿ ತಾಗಬಾರದು. ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷವಾಯಿತೆಂದು ವೈದ್ಯರಿಗೆ ಹೇಳಿ.

ಪ್ರಶ್ನೆ: ಅಮ್ಮನಿಗೆ 68 ವರ್ಷ, ಬೆರಳ ಗಂಟುಗಳಲ್ಲಿ ಸಂಧಿವಾತ. ಚಾಕು ಹಿಡಿಯಲು ಕಷ್ಟ. ಸ್ಲೈಸರ್ ಕೊಡಿಸಲೇ?

ಉತ್ತರ: ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಸಾದಾ ಮಣೆ ಅವರಿಗೆ ಕೊಡಬೇಡಿ. ಗಾರ್ಡನ್ನು ಬಿಗಿಯಾಗಿ ಹಿಡಿಯಲು ಬೇಕಾದ ಬೆರಳಿನ ಶಕ್ತಿಯೇ ಅವರಲ್ಲಿ ಕಡಿಮೆಯಾಗಿದೆ. ನೆಟ್ಟಗೆ ನಿಲ್ಲುವ ಬೇರೊಂದು ಬಗೆಯ ಸ್ಲೈಸರ್ ಇದೆ. ಕೊಳವೆಗೆ ತರಕಾರಿ ಹಾಕಿ, ಮೇಲಿಂದ ಹಿಡಿಕೆ ಒತ್ತಿದರೆ ಅಲಗು ಒಳಗೇ ಕೊಯ್ಯುತ್ತದೆ, ಕೈ ಅಲಗಿನ ಹತ್ತಿರ ಹೋಗುವುದೇ ಇಲ್ಲ. ಕೊಳ್ಳುವ ಮೊದಲು ಅಮ್ಮನೇ ಆ ಹಿಡಿಕೆ ಒತ್ತಿ ನೋಡಲಿ. ಅಂಗೈಯಿಂದ ಒತ್ತಲು ಬರಬೇಕು, ಬೆರಳಿಂದ ಅಲ್ಲ. ಅದನ್ನು ಬಿಚ್ಚಿ ತೊಳೆಯುವ ಕೆಲಸ ಮಾತ್ರ ನಿಮ್ಮದಾಗಿರಲಿ. ಸಾಬೂನು ನೀರಿನಲ್ಲಿ ನೆನೆಹಾಕಬೇಡಿ, ನೊರೆಯಡಿಯ ಅಲಗು ಕಾಣುವುದಿಲ್ಲ. ಹೆಚ್ಚಿದ ಕೂಡಲೇ ನಲ್ಲಿಯಡಿ ಹಿಡಿದು, ಉದ್ದ ಹಿಡಿಕೆಯ ಬ್ರಷ್‌ನಿಂದ ಅಲಗಿನ ಬೆನ್ನಿನಿಂದ ಅಂಚಿನ ಕಡೆಗೆ ಉಜ್ಜಿ, ಒರೆಸಿ, ಅಲಗು ಮುಚ್ಚಿಟ್ಟು ಬಿಡಿ.