ಹೊಸ ಎಸ್‌ಎಸ್‌ಡಿ ಹಾಕಿದ ಮೇಲೆ ಬಯಾಸ್‌ನಲ್ಲಿ ಏನನ್ನು ಬದಲಿಸಬೇಕು?

ಪ್ರಶ್ನೆ: ನನ್ನದು 2014ರಲ್ಲಿ ಕೊಂಡ ಲ್ಯಾಪ್‌ಟಾಪ್. ಅದರ 500 ಜಿಬಿ ಹಾರ್ಡ್ ಡಿಸ್ಕ್ ತೀರಾ ನಿಧಾನವಾದ್ದರಿಂದ, ಅದರಲ್ಲಿದ್ದ ವಿಂಡೋಸ್ 10 ಅನ್ನು 1 ಟಿಬಿಯ ಸಾಟಾ ಎಸ್‌ಎಸ್‌ಡಿಗೆ ಕ್ಲೋನ್ (ಯಥಾವತ್ ನಕಲು) ಮಾಡಿ, ಅದನ್ನು ಒಳಗೆ ಕೂರಿಸಿದೆ. ಎಸ್‌ಎಸ್‌ಡಿಗೆ ಯುಇಎಫ್‌ಐ ಮೋಡ್ ಬೇಕೆಂದು ಪರಿಚಿತರು ಹೇಳಿದ್ದರಿಂದ ಬೂಟ್ ಮೋಡನ್ನೂ ಬದಲಿಸಿದೆ. ಈಗ ‘ನೋ ಬೂಟಬಲ್ ಡಿವೈಸ್’ ಎಂದು ಬಂದು ನಿಲ್ಲುತ್ತದೆ. ಬಯಾಸ್‌ನಲ್ಲಿ ಇನ್ನೇನು ಸೆಟ್ ಮಾಡಬೇಕು?
– ಓದುಗರೊಬ್ಬರು, ಶಿರಸಿ

ಉತ್ತರ: ಬಹುಶಃ ಇನ್ನೇನೂ ಬೇಕಾಗಿಲ್ಲ, ಈಗಾಗಲೇ ಮಾಡಿರುವ ಬದಲಾವಣೆಯನ್ನು ಹಿಂದಿನಂತೆ ಮಾಡಿದರೆ ಸಾಕು. ಡಿಸ್ಕ್‌ನ ಸಿಲಿಂಡರ್, ಹೆಡ್, ಸೆಕ್ಟರ್‌ಗಳ ಲೆಕ್ಕವನ್ನು ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ಯಂತ್ರವನ್ನು ಎಬ್ಬಿಸುವ ತಂತ್ರಾಂಶಕ್ಕೆ) ಕೈಯಾರೆ ತುಂಬಬೇಕಾಗಿದ್ದ ಕಾಲವೊಂದಿತ್ತು. ಸಾಟಾ ಡಿಸ್ಕ್‌ಗಳು ತಮ್ಮ ಹೆಸರು ಮತ್ತು ಗಾತ್ರವನ್ನು ತಾವೇ ತಿಳಿಸುತ್ತವೆ.

ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಎಫ್2 ಒತ್ತಿ ಬಯಾಸ್ ತೆರೆಯಿರಿ. ಕೆಲವು ಕಂಪನಿಗಳ ಯಂತ್ರಗಳಲ್ಲಿ ಇದು ಎಫ್10 ಅಥವಾ ಎಫ್1 ಇರುತ್ತದೆ. ಮೊದಲ ಪುಟದಲ್ಲಿ ಎಸ್‌ಎಸ್‌ಡಿಯ ಮಾಡೆಲ್ ಹೆಸರು ಕಾಣಿಸಿದರೆ ಡಿಸ್ಕ್ ಸರಿಯಾಗಿ ಕೂತಿದೆ ಎಂದರ್ಥ. ಹೆಸರೇ ಇಲ್ಲದಿದ್ದರೆ ಯಾವ ಸೆಟ್ಟಿಂಗನ್ನೂ ಮುಟ್ಟದೆ ಹಿಂಬದಿಯ ಮುಚ್ಚಳ ತೆಗೆಯಿರಿ. ಹಳೆಯ ಹಾರ್ಡ್ ಡಿಸ್ಕ್ 9.5 ಮಿ.ಮೀ. ದಪ್ಪವಿದ್ದು, ಹೊಸ ಎಸ್‌ಎಸ್‌ಡಿ 7 ಮಿ.ಮೀ. ಮಾತ್ರ ಇದ್ದರೆ, ಆ ಎರಡೂವರೆ ಮಿಲಿಮೀಟರ್ ಸಡಿಲಿನಲ್ಲಿ ಅದು ಅಲುಗಾಡಿ ಕನೆಕ್ಟರ್‌ನಿಂದ ಕೂದಲೆಳೆಯಷ್ಟು ಹಿಂದೆ ಸರಿದಿರುವುದುಂಟು. ಹಳೆಯ ಡಿಸ್ಕ್‌ನ ಲೋಹದ ಚೌಕಟ್ಟನ್ನು ಇದಕ್ಕೂ ಹಾಕಿ ಸ್ಕ್ರೂ ಬಿಗಿಮಾಡಿ.

ಹೆಸರು ಕಾಣಿಸುತ್ತಿದ್ದೂ ಬೂಟ್ ಆಗದಿದ್ದರೆ, ಕಾರಣ ಬೂಟ್ ಮೋಡ್ ಆಗಿರುವ ಸಂಭವವೇ ಹೆಚ್ಚು. ಲೆಗಸಿ ಎಂದರೆ ಯಂತ್ರ ಬೂಟ್ ಆಗುವ ಹಳೆಯ ವಿಧಾನ, ಯುಇಎಫ್‌ಐ ಹೊಸದು. ಎಂಬಿಆರ್, ಜಿಪಿಟಿ ಎಂಬುವು ಡಿಸ್ಕ್‌ನ ವಿಭಾಗಗಳ ಪಟ್ಟಿಯನ್ನು ಬರೆದಿಡುವ ಹಳೆಯ ಮತ್ತು ಹೊಸ ಶೈಲಿಗಳು. ಲೆಗಸಿ ಮೋಡ್‌ನಲ್ಲಿ ಇನ್‌ಸ್ಟಾಲ್ ಆದ ವಿಂಡೋಸ್ ಎಂಬಿಆರ್ ಡಿಸ್ಕ್‌ನಿಂದಲೂ, ಯುಇಎಫ್‌ಐನಲ್ಲಿ ಇನ್‌ಸ್ಟಾಲ್ ಆದದ್ದು ಜಿಪಿಟಿ ಡಿಸ್ಕ್‌ನಿಂದಲೂ ಬೂಟ್ ಆಗುತ್ತವೆ. ಕ್ಲೋನ್ ಮಾಡಿದಾಗ ಸಾಮಾನ್ಯವಾಗಿ ಹಳೆಯ ಡಿಸ್ಕ್‌ನ ಶೈಲಿಯೇ ಹೊಸದಕ್ಕೂ ಬರುತ್ತದೆ. ಆದ್ದರಿಂದ ಮೋಡನ್ನು ನಿರ್ಧರಿಸುವುದು ಡಿಸ್ಕ್ ಹೊಸದೋ ಹಳೆಯದೋ ಎಂಬುದಲ್ಲ, ಅದರೊಳಗಿನ ವಿಂಡೋಸ್. ಮೋಡನ್ನು ಮತ್ತೆ ಲೆಗಸಿಗೆ ತಂದು, ಬೂಟ್ ಆರ್ಡರ್‌ನಲ್ಲಿ ಎಸ್‌ಎಸ್‌ಡಿಯನ್ನು ಮೇಲಕ್ಕೆ ತಂದು, ಸೇವ್ ಮಾಡಿ ಹೊರಬನ್ನಿ. ಯುಇಎಫ್‌ಐ ಬೇಕೇ ಬೇಕು ಎನ್ನುವುದಾದರೆ, ವಿಂಡೋಸ್ 10ರ 1703 ಆವೃತ್ತಿಯಿಂದೀಚೆಗೆ ಎಂಬಿಆರ್2ಜಿಪಿಟಿ ಎಂಬ ಸಾಧನ ವಿಂಡೋಸ್‌ನಲ್ಲಿಯೇ ಇದೆ. ಮೊದಲು ಅದರಿಂದ ಡಿಸ್ಕನ್ನು ಪರಿವರ್ತಿಸಿ, ಆಮೇಲಷ್ಟೇ ಮೋಡ್ ಬದಲಿಸಬೇಕು. ಒಂದು ಟಿಬಿಯ ಡಿಸ್ಕ್‌ಗೆ ಇದು ಅನಿವಾರ್ಯವೇನಲ್ಲ, ಏಕೆಂದರೆ ಎಂಬಿಆರ್‌ನ ಮಿತಿ ಸುಮಾರು 2 ಟಿಬಿ.

ಬಯಾಸ್‌ನಲ್ಲಿ ಸಾಟಾ ಮೋಡ್ (ಡಿಸ್ಕ್‌ನೊಡನೆ ಯಂತ್ರ ವ್ಯವಹರಿಸುವ ಬಗೆ) ಎಎಚ್‌ಸಿಐ ಎಂದಿದ್ದರೆ ಹಾಗೆಯೇ ಬಿಡಿ. ಹಳೆಯ ಬಗೆಯಾದ ಐಡಿಇ ಎಂದಿದ್ದರೆ ನೇರವಾಗಿ ಬದಲಿಸಬೇಡಿ. ನೀಲಿ ಪರದೆ ಬಂದು ವಿಂಡೋಸ್ ನಿಲ್ಲಬಹುದು. ಮೊದಲು ವಿಂಡೋಸ್‌ನ ಎಂಎಸ್‌ಕಾನ್ಫಿಗ್ ಎಂಬ ಸಾಧನದಲ್ಲಿ ಸೇಫ್ ಬೂಟ್ ಆಯ್ದು, ರೀಸ್ಟಾರ್ಟ್ ಮಾಡುವಾಗ ಬಯಾಸ್‌ನಲ್ಲಿ ಎಎಚ್‌ಸಿಐ ಮಾಡಿ, ಸೇಫ್ ಮೋಡ್‌ನಲ್ಲಿ ಒಮ್ಮೆ ವಿಂಡೋಸ್ ತೆರೆದ ನಂತರ ಆ ಗುರುತನ್ನು ತೆಗೆಯಿರಿ. ಡಿಸ್ಕ್‌ನ ಮಾಹಿತಿಯನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಆನ್ ಇದ್ದರೆ, ಬಯಾಸ್‌ಗೆ ಕೈಹಾಕುವ ಮುನ್ನ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಒಳಿತು.

ವಿಂಡೋಸ್ ತೆರೆದ ಮೇಲೂ ಸಿ ಡ್ರೈವ್ ಹಳೆಯ ಗಾತ್ರದಲ್ಲೇ ಇದ್ದರೆ ಗಾಬರಿ ಬೇಡ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಉಳಿದ ಜಾಗ ‘ಅನ್‌ಅಲೊಕೇಟೆಡ್’ ಎಂದು ಕಾಣುತ್ತದೆ, ಒಟ್ಟು ಗಾತ್ರ ಅಲ್ಲಿ ಸುಮಾರು 931 ಜಿಬಿ ಎಂದಿರುತ್ತದೆ. ಸಿ ಡ್ರೈವ್‌ಗೂ ಆ ಖಾಲಿ ಜಾಗಕ್ಕೂ ನಡುವೆ ರಿಕವರಿ ಪಾರ್ಟಿಶನ್ ಕೂತಿದ್ದರೆ ‘ಎಕ್ಸ್‌ಟೆಂಡ್ ವಾಲ್ಯೂಮ್’ ಮಸುಕಾಗಿರುತ್ತದೆ. ಆಗ ಖಾಲಿ ಜಾಗದಲ್ಲಿ ಪ್ರತ್ಯೇಕ ಡ್ರೈವ್ ಮಾಡಿಕೊಳ್ಳುವುದೇ ಸುಲಭ.