ಏಳು ವಾರ ವೆನಿಸ್‌ನಲ್ಲಿ: ಓದೋ, ಪ್ರವಾಸವೋ?

ಪ್ರಶ್ನೆ: ಮಗಳು ಅಮೆರಿಕದ ವೂಸ್ಟರ್ ಪಾಲಿಟೆಕ್ನಿಕ್ ಇನ್‌ಸ್ಟಿಟ್ಯೂಟ್‌ನಲ್ಲಿ ಮೂರನೇ ವರ್ಷದ ಕಂಪ್ಯೂಟರ್ ವಿದ್ಯಾರ್ಥಿನಿ. ಏಳು ವಾರ ಇಟಲಿಯ ವೆನಿಸ್‌ನಲ್ಲಿದ್ದು ಪ್ರಾಜೆಕ್ಟ್ ಮಾಡಬೇಕಂತೆ. ಕಂಪ್ಯೂಟರ್ ಓದುವವಳಿಗೆ ಅಲ್ಲೇನು ಕೆಲಸ? ಸಾಲ ಮಾಡಿ ಓದಿಸುತ್ತಿದ್ದೇವೆ. ಇದು ಓದೋ, ಪ್ರವಾಸವೋ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಓದೇ, ತಾಯಿ. ಧೈರ್ಯವಾಗಿ ಕಳುಹಿಸಿ. ತಂತ್ರಜ್ಞಾನವೂ ಜನಜೀವನವೂ ಸೇರುವ ಒಂದು ಸಮಸ್ಯೆಯ ಮೇಲೆ ತಂಡವಾಗಿ ಕೆಲಸ ಮಾಡದೆ ಆ ಕಾಲೇಜಿನಲ್ಲಿ ಪದವಿ ಸಿಗುವುದಿಲ್ಲ. ಕಂಪ್ಯೂಟರ್, ಸಿವಿಲ್, ಜೀವಶಾಸ್ತ್ರ ಎಂಬ ಭೇದ ಅಲ್ಲಿಲ್ಲ. ಹೊರಡುವ ಮೊದಲು ವೂಸ್ಟರ್‌ನಲ್ಲೇ ತಯಾರಿ ನಡೆಯುತ್ತದೆ. ಅಧ್ಯಾಪಕರೂ ಜೊತೆಗೆ ಹೋಗುತ್ತಾರೆ.

ವೆನಿಸ್‌ನಲ್ಲಿ ಆ ಕಾಲೇಜಿನ ಪ್ರಾಜೆಕ್ಟ್ ಕೇಂದ್ರ ಶುರುವಾದದ್ದು 1988ರಲ್ಲಿ. ಕಟ್ಟಿದವರು ವೆನಿಸ್‌ನವರೇ ಆದ, ಅದೇ ಕಾಲೇಜಿನಲ್ಲಿ ಓದಿದ ಫಾಬಿಯೊ ಕರೇರಾ. ಅಂದಿನಿಂದ ತಂಡಗಳು ಕಾಲುವೆ, ಸೇತುವೆ, ಗಂಟೆ ಗೋಪುರ, ಬಾವಿಕಟ್ಟೆಗಳನ್ನು ಅಳೆದು ದಾಖಲಿಸುತ್ತಾ ಬಂದಿವೆ. ನಾನು ಸರ್ವೇ ಪಾಠ ಹೇಳಿದವನು. ಇವುಗಳಲ್ಲಿ ನನ್ನ ಮನಸ್ಸು ನಿಲ್ಲುವುದು ಬಾವಿಕಟ್ಟೆಗಳ ಮೇಲೆ. ವೆನಿಸ್‌ನ ಸುತ್ತ ಇರುವುದೆಲ್ಲ ಉಪ್ಪುನೀರು. ಹಾಗಾಗಿ ಚೌಕಗಳ ಕಲ್ಲುಹಾಸಿನ ಮೇಲೆ ಬಿದ್ದ ಮಳೆನೀರನ್ನೇ ಕೆಳಗಿನ ಮರಳಿನಲ್ಲಿ ಸೋಸಿ, ಜೇಡಿಮಣ್ಣು ಮೆತ್ತಿದ ಗುಂಡಿಯಲ್ಲಿ ಹಿಡಿದಿಟ್ಟು, ನಡುವಿನ ಬಾವಿಯಿಂದ ಸೇದುತ್ತಿದ್ದರು. 1884ರಲ್ಲಿ ಮುಖ್ಯಭೂಮಿಯಿಂದ ಕೊಳವೆ ನೀರು ಬಂತು, ಬಾವಿಗಳು ಮುಚ್ಚಿಹೋದವು. ಕೆತ್ತನೆಯ ಕಲ್ಲುಕಟ್ಟೆಗಳು ಮಾತ್ರ ಉಳಿದವು. ಯಾವ ಕಟ್ಟೆ ಎಲ್ಲಿದೆ, ಯಾವ ಕಲ್ಲು, ಎಷ್ಟು ಸವೆದಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಂದು ವಿದ್ಯಾರ್ಥಿಗಳು ಒಂದೊಂದನ್ನೂ ನೋಡಿ ಬರೆದರು. ಹೀಗೆ ಬರೆದಿಟ್ಟರೆ ಮುಂದೆ ಒಂದು ಕಟ್ಟೆ ಹಾಳಾದಾಗ ಮೊದಲು ಹೇಗಿತ್ತು ಎಂದು ಕೇಳಲು ಒಂದು ಆಧಾರವಿರುತ್ತದೆ. ಈ ಬಗೆಯ ಮಾಹಿತಿಯನ್ನು ನಕಾಶೆಗೆ ಸೇರಿಸಿ, ಹುಡುಕಲು ಬರುವಂತೆ ಜೋಡಿಸುವುದು ಯಾರ ಕೆಲಸ ಹೇಳಿ? ನಿಮ್ಮ ಮಗಳದ್ದೇ.

ದೋಣಿಗಳ ಅಧ್ಯಯನವೂ ಅಷ್ಟೇ ಮುಖ್ಯ. ವೆನಿಸ್‌ನ ಅಂಗಡಿಗಳಿಗೆ ಹಾಲಿನಿಂದ ಹಿಡಿದು ಸಿಮೆಂಟಿನವರೆಗೆ ಎಲ್ಲವೂ ದೋಣಿಯಲ್ಲೇ ಬರಬೇಕು. ಮೋಟಾರು ದೋಣಿ ಎಬ್ಬಿಸುವ ಅಲೆ ಕಾಲುವೆ ಬದಿಯ ಗೋಡೆಗಳ ಬುಡವನ್ನು ಕೊರೆಯುತ್ತದೆ. ವಿದ್ಯಾರ್ಥಿಗಳು ದೋಣಿಗಳನ್ನು ಎಣಿಸಿ, ಸರಕು ದೋಣಿಗಳ ಓಡಾಟವನ್ನು ಹಿಂಬಾಲಿಸಿದರು. ಒಂದೊಂದು ದೋಣಿ ಒಂದೊಂದು ಬಗೆಯ ಸರಕು ಹೊತ್ತು ಊರೆಲ್ಲ ಸುತ್ತುವ ಬದಲು, ಒಂದು ಬಡಾವಣೆಗೆ ಬೇಕಾದ್ದನ್ನೆಲ್ಲ ಒಂದೇ ದೋಣಿ ಒಯ್ಯಲಿ ಎಂಬ ಸಲಹೆ ಹುಟ್ಟಿದ್ದು ಆ ಎಣಿಕೆಯಿಂದ.

ಏಳು ವಾರದಲ್ಲಿ ಒಂದು ಊರು ಅರ್ಥವಾಗುವುದಿಲ್ಲ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಅದಕ್ಕೇ ಹಿಂದಿನ ತಂಡ ಬಿಟ್ಟಲ್ಲಿಂದ ಮುಂದಿನ ತಂಡ ಹಿಡಿಯಬೇಕು. ಹಳೆಯ ವರದಿಗಳನ್ನು ಈಗಲೇ ಓದಲು ಮಗಳಿಗೆ ಹೇಳಿ. ತನ್ನ ವರದಿಯನ್ನು ವೆನಿಸ್‌ನಲ್ಲಿ ಯಾರು ಬಳಸುತ್ತಾರೆ ಎಂದು ಮಾರ್ಗದರ್ಶಕರನ್ನು ಕೇಳಲಿ. ಉತ್ತರ ತೇಲಿಸಿದಂತಿದ್ದರೆ ಮತ್ತೆ ಕೇಳಲಿ. ಅಂಗಡಿಯವರನ್ನೂ ದೋಣಿಯವರನ್ನೂ ಮಾತನಾಡಿಸುವಷ್ಟು ಇಟಾಲಿಯನ್ ಕಲಿಯಲಿ.

ಇನ್ನು ಕಾಗದಪತ್ರ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇಟಲಿಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ, ಬೇಕು. ಅಮೆರಿಕದ ವಿದ್ಯಾರ್ಥಿ ವೀಸಾ ಸಾಲದು. ಅಮೆರಿಕಕ್ಕೆ ಮರಳಲು ಆ ವೀಸಾದ ಅವಧಿ ಮುಗಿದಿರಬಾರದು, ವಿದ್ಯಾರ್ಥಿ ವೀಸಾಕ್ಕಾಗಿ ಕಾಲೇಜು ಕೊಟ್ಟ ಐ-20 ಪತ್ರದ ಮೇಲೆ ಕಾಲೇಜಿನ ಪ್ರಯಾಣದ ಸಹಿಯೂ ಇರಬೇಕು. ಟಿಕೆಟ್ ಕೊಳ್ಳುವ ಮೊದಲು ಈ ಮೂರನ್ನೂ ನೋಡಿಕೊಳ್ಳಲಿ.