47 ಪರ್ಸೆಂಟಿನ ಪತ್ರಕ್ಕೆ ಸ್ವಲ್ಪ ಉದ್ದದ ಉತ್ತರ

ಮಾನ್ವಿ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಬಿಎ ಮುಗಿದಿದೆ, ಒಟ್ಟು 47 ಪರ್ಸೆಂಟ್. ಇಂಗ್ಲಿಷ್ ಎರಡು ಸಲ ಹೋಗಿ ಆಮೇಲೆ ಪಾಸಾಗಿದೆ. ಅಪ್ಪ ಅಮ್ಮ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದಾಗ ಇಬ್ಬರು ತಮ್ಮಂದಿರನ್ನು ನೋಡಿಕೊಂಡು ಕಾಲೇಜಿಗೆ ಹೋದವರು. "ಎಂಎಸ್‌ಡಬ್ಲ್ಯು ಮಾಡುವ ಆಸೆ ಇದೆ ಸರ್. ಆದರೆ ನಾನು ಓದಿನಲ್ಲಿ ದಡ್ಡಿ. ಅರ್ಜಿ ಹಾಕಿದರೆ ಸುಮ್ನೆ ದುಡ್ಡು ದಂಡ ಅಲ್ವಾ?" ಎಂದು ಕೇಳಿದ್ದಾರೆ. ಎಂಎಸ್‌ಡಬ್ಲ್ಯು ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ. ಸಹಿಯ ಕೆಳಗೆ ಎರಡು ಸಾಲು: ಪಕ್ಕದ ಮನೆಯ ಕಿವಿ ಕೇಳದ ಹುಡುಗನಿಗೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಲು ರಾಯಚೂರಿಗೆ ಓಡಾಡುತ್ತಿದ್ದೆ, ಅದಕ್ಕೇ ಪತ್ರ ತಡವಾಯಿತು, ಕ್ಷಮಿಸಿ.

ತಂಗಿ, ಮೊದಲು ಜಗಳ. ಆ ಎರಡು ಸಾಲನ್ನು ಸಹಿಯ ಕೆಳಗೆ ಯಾಕೆ ತಳ್ಳಿದಿರಿ? ಎರಡು ಪುಟ ನಿಮ್ಮ ಇಂಗ್ಲಿಷ್ ಪೇಪರಿನ ಗೋಳು ಬರೆದು, ಹೇಳಬೇಕಾದ್ದನ್ನು ಕ್ಷಮೆ ಕೇಳುವ ನೆಪದಲ್ಲಿ ಹೇಳಿದ್ದೀರಿ. ಆ ಕಾರ್ಡ್ ಮಾಡಿಸುವುದು ಏನೆಂದು ನೋಡಿದವರಿಗೆ ಗೊತ್ತು. ಆನ್‌ಲೈನ್ ಅರ್ಜಿ ಹಾಕಬೇಕು, ಆಧಾರ್‌ನಲ್ಲಿ ಹೆಸರಿನ ಒಂದಕ್ಷರ ಹೆಚ್ಚು ಕಡಿಮೆ ಇದ್ದರೆ ತಿದ್ದಿಸಬೇಕು, ಕಿವಿ ಪರೀಕ್ಷೆ ಮಾಡುವವರು ಯಾವ ದಿನ ಸಿಗುತ್ತಾರೆ ಎಂದು ವಿಚಾರಿಸಬೇಕು, ಇದೆಲ್ಲಕ್ಕಿಂತ ಮೊದಲು ಆ ದಿನದ ಕೂಲಿ ಬಿಟ್ಟು ಬರಲು ಹುಡುಗನ ತಾಯಿಯನ್ನು ಒಪ್ಪಿಸಬೇಕು. ಅಲ್ಲೂ ಪರ್ಸೆಂಟೇಜೇ ನೋಡಿ! 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಮುಖ್ಯ ಸವಲತ್ತುಗಳಿಗೆ ಕನಿಷ್ಠ 40 ಪರ್ಸೆಂಟ್ ವೈಕಲ್ಯ ಇರಬೇಕು. ಕಿವಿ ಕೇಳದ ಹುಡುಗನೂ ಕಟ್ ಆಫ್ ದಾಟಬೇಕಾದ ದೇಶ ನಮ್ಮದು.

ಅಂಕಕ್ಕೆ ಬೆಲೆಯೇ ಇಲ್ಲ ಎನ್ನುತ್ತಿಲ್ಲ. ಕನಿಷ್ಠ ಅಂಕ ಇಡದಿದ್ದರೆ ನೂರು ಅರ್ಜಿಯಲ್ಲಿ ಆರಿಸುವುದು ಹೇಗೆ ಎಂದು ಮೇಷ್ಟ್ರುಗಳು ಕೇಳುತ್ತಾರೆ, ಸರಿ. ಮುಂದೆ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಬಂದರೆ ಅಧ್ಯಾಪಕರ ಅರ್ಹತಾ ಪರೀಕ್ಷೆ ಯುಜಿಸಿ ನೆಟ್‌ಗೆ ಸ್ನಾತಕೋತ್ತರದಲ್ಲಿ 55 ಪರ್ಸೆಂಟ್ ಬೇಕು, ಮೀಸಲಾತಿ ಇರುವವರಿಗೆ 50. ಹಾಗಾಗಿ ಎಂಎಸ್‌ಡಬ್ಲ್ಯುನಲ್ಲಿ ಮತ್ತೆ 47 ತಂದುಕೊಳ್ಳಬೇಡಿ. ಅಂಕದ ಪರವಾಗಿ ನಾನು ಹೇಳುವುದು ಇಷ್ಟೇ.

ಈಗ ನಿಮ್ಮ ಪ್ರಶ್ನೆ. ನಮ್ಮ ರಾಜ್ಯದಲ್ಲಿ ಎಷ್ಟೋ ಕಡೆ ಸಾಮಾನ್ಯ ವರ್ಗಕ್ಕೆ 45 ಇದ್ದರೆ ಅರ್ಜಿ ಹಾಕಬಹುದು, ಕೆಲವು ಕಡೆ 50 ಕೇಳುತ್ತಾರೆ, ಪರಿಶಿಷ್ಟರಿಗೆ ಸ್ವಲ್ಪ ಕಡಿಮೆ. ಆಯಾ ವರ್ಷದ ಅಧಿಸೂಚನೆ ಓದಿ, ಪಕ್ಕದ ಮನೆಯ ಅಣ್ಣನ ಮಾತು ಕೇಳಬೇಡಿ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಅದೇ 1936ರಲ್ಲಿ ಶುರುವಾದ ಟಿಸ್, ಈಗ ಸಿಯುಇಟಿ-ಪಿಜಿ ಎಂಬ ದೇಶಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ ಸೇರಿಸಿಕೊಳ್ಳುತ್ತದೆ. ಅಲ್ಲಿ ನಿಮ್ಮ ಹಳೇ ಇಂಗ್ಲಿಷ್ ಪೇಪರಿಗಿಂತ ಆ ಪರೀಕ್ಷೆ ಮುಖ್ಯ. ಯಾವುದೂ ಆಗದಿದ್ದರೆ ಇಗ್ನೋ, ಅದೇ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಇದೆ, ಯಾವುದೇ ಪದವಿ ಆಗಿದ್ದರೆ ಸಾಕು. ದೂರಶಿಕ್ಷಣ ಎಂದು ಮೂಗು ಮುರಿಯುವವರು ಮುರಿಯಲಿ, ಅಲ್ಲೂ ಕ್ಷೇತ್ರಕಾರ್ಯ, ಅಂದರೆ ಜನರ ನಡುವೆ ಹೋಗಿ ಮಾಡುವ ಕೆಲಸ, ತಪ್ಪುವುದಿಲ್ಲ.

ಅಮೆರಿಕದ ಮೇರಿ ರಿಚ್ಮಂಡ್ ಹೆಸರು ಮೊದಲ ಸೆಮಿಸ್ಟರಿನಲ್ಲೇ ನಿಮ್ಮ ಕಿವಿಗೆ ಬೀಳುತ್ತದೆ. ಕಷ್ಟದಲ್ಲಿರುವ ಒಬ್ಬರ ಜೊತೆ ಕೂತು, ಅವರ ಮನೆ, ನೆರೆಹೊರೆ, ಕೆಲಸ ಎಲ್ಲ ತಿಳಿದು ಕೆಲಸ ಮಾಡುವ ಕ್ರಮವನ್ನು 1917ರಲ್ಲಿ ಪುಸ್ತಕ ಮಾಡಿ ಕೊಟ್ಟವರು. ಈ ಹೆಂಗಸು ಕಾಲೇಜು ಮೆಟ್ಟಿಲು ಹತ್ತಿರಲಿಲ್ಲ. ಬಾಲ್ಟಿಮೋರ್‌ನಲ್ಲಿ ಅಜ್ಜಿಯ ಹತ್ತಿರ ಬೆಳೆದರು, ಹೈಸ್ಕೂಲಿಗೇ ಓದು ನಿಂತಿತು, ಗುಮಾಸ್ತೆಯ ಕೆಲಸ ಮಾಡಿದರು, 1889ರಲ್ಲಿ ಒಂದು ಧರ್ಮಾರ್ಥ ಸಂಘದ ಲೆಕ್ಕ ನೋಡಲು ಸೇರಿದರು. ಈ ಕೆಲಸಕ್ಕೆ ತರಬೇತಿ ಶಾಲೆ ಬೇಕು ಎಂದು 1897ರಲ್ಲಿ ಕೇಳಿದವರೂ ಅವರೇ. ಮರುವರ್ಷ ನ್ಯೂಯಾರ್ಕಿನಲ್ಲಿ ಬೇಸಿಗೆ ತರಗತಿ ಶುರುವಾಯಿತು, ಅದೇ ಬೆಳೆದು ಈಗ ಕೊಲಂಬಿಯಾ ವಿಶ್ವವಿದ್ಯಾಲಯದ ಸಮಾಜಕಾರ್ಯ ಶಾಲೆ. ಇವತ್ತು ಅವರೇ ಬಂದು ನಮ್ಮ ಯಾವುದೋ ಕಾಲೇಜಿನ ಕೌಂಟರಿನಲ್ಲಿ ನಿಂತರೆ, ಡಿಗ್ರಿ ಮಾರ್ಕ್ಸ್ ಕಾರ್ಡ್ ಎಲ್ಲಮ್ಮಾ ಎಂದು ವಾಪಸ್ ಕಳಿಸುತ್ತಾರೆ. ಅಷ್ಟು ದೂರ ಯಾಕೆ, ನಮ್ಮ ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದು ತಮ್ಮದೇ ಜಾತಿಯವರ ಬಹಿಷ್ಕಾರ ಉಂಡಾಗ ವಕೀಲಿ ಮಾಡುತ್ತಿದ್ದರು. ಸಮಾಜಕಾರ್ಯದ ಕೋರ್ಸು ಈ ದೇಶದಲ್ಲಿ ಹುಟ್ಟೇ ಇರಲಿಲ್ಲ.

ಇನ್ನು ಒಳ್ಳೆ ಅಂಕದವರ ಕಥೆ. ಕ್ಷೇತ್ರಕಾರ್ಯದ ವರದಿ ತಿದ್ದುವ ಗೆಳೆಯರೊಬ್ಬರು ಒಮ್ಮೆ ಒಂದು ಕಟ್ಟು ನನ್ನ ಮುಂದೆ ಹಾಕಿದರು. "ಮನೆ ಭೇಟಿ ಮಾಡಲಾಯಿತು. ಸಮಸ್ಯೆಗಳನ್ನು ಆಲಿಸಲಾಯಿತು. ಸೂಕ್ತ ಸಲಹೆ ನೀಡಲಾಯಿತು." ಹತ್ತು ಹುಡುಗರು, ಹತ್ತು ಬೇರೆ ಊರು, ಒಂದೇ ವರದಿ. ಸೀನಿಯರ್ ಬರೆದಿದ್ದನ್ನು ಜೂನಿಯರ್ ಇಳಿಸಿದ್ದು. ಒಬ್ಬನಂತೂ ಸೀನಿಯರ್ ಹೋಗಿದ್ದ ಊರಿನ ಹೆಸರು ಬದಲಿಸುವುದನ್ನೂ ಮರೆತಿದ್ದ. ಅವನಿಗೂ ಇಂಟರ್ನಲ್ಸ್ ಪೂರ್ತಿ ಸಿಕ್ಕಿದೆಯಂತೆ, ಯಾಕೆಂದರೆ ಅಕ್ಷರ ಮುತ್ತಿನಂತಿದೆ. ಹೀಗೆ ಕೊಟ್ಟ ಅಂಕವನ್ನು ಮುಂದಿಟ್ಟುಕೊಂಡು ನಿಮ್ಮಂಥವರನ್ನು ಅಳೆಯುವುದು! ವಾರಕ್ಕೆ ಎರಡು ದಿನ ಜನರ ನಡುವೆ ಇರಬೇಕಾದ ಕೋರ್ಸಿಗೆ ಎಷ್ಟೋ ಕಡೆ ಬರೀ ಮೆರಿಟ್ ಲಿಸ್ಟ್ ನೋಡಿ ಸೀಟು ಕೊಡುತ್ತಾರೆ, ಹತ್ತು ನಿಮಿಷ ಕೂರಿಸಿ ಮಾತಾಡಿಸುವ ಪುರುಸೊತ್ತು ಇಲ್ಲ.

ಹಾಗೆ ಸೇರಿದವರೂ ಎಲ್ಲಿ ಹೋಗುತ್ತಾರೆ? ಜಾಸ್ತಿ ಜನ ಕಂಪನಿಗಳ ಎಚ್‌ಆರ್‌ಗೆ. 1948ರ ಕಾರ್ಖಾನೆ ಕಾಯ್ದೆ 500 ಕಾರ್ಮಿಕರಿರುವ ಕಡೆ ಕಲ್ಯಾಣಾಧಿಕಾರಿ ಇರಬೇಕು ಎಂದಿತು, ಆ ಕುರ್ಚಿಯ ಆಸೆಗೆ ಒಂದು ಪೀಳಿಗೆಯೇ ಸಮಾಜಕಾರ್ಯ ಓದಿತು. ತಪ್ಪು ಅವರದಲ್ಲ. ಸ್ವಯಂಸೇವಾ ಸಂಸ್ಥೆಗಳು ಎಂಎಸ್‌ಡಬ್ಲ್ಯು ಆದವರಿಗೆ ಕೊಡುವ ಸಂಬಳದಲ್ಲಿ ಪಟ್ಟಣದಲ್ಲಿ ರೂಮು ಬಾಡಿಗೆ ಕಟ್ಟಿದರೆ ಊಟಕ್ಕೆ ಉಳಿಯುವುದಿಲ್ಲ. ಪ್ರಾಜೆಕ್ಟ್ ಮುಗಿದ ದಿನ ಕೆಲಸವೂ ಮುಗಿಯುತ್ತದೆ. ವಕೀಲರಿಗೆ ಬಾರ್ ಕೌನ್ಸಿಲ್ ಇದೆ, ಸಮಾಜ ಕಾರ್ಯಕರ್ತರಿಗೆಲ್ಲ ಸೇರಿ ಹಾಗೊಂದು ಕೌನ್ಸಿಲ್ ಇನ್ನೂ ಇಲ್ಲ. ಇದನ್ನು ಬರೆದರೆ ಇನ್ನೆರಡು ಪುಟ ಬೇಕು, ಬಿಡಿ.

ನಿಮ್ಮ ಕೆಲಸಕ್ಕೆ ಬರೋಣ. ಸಂದರ್ಶನ ಅಥವಾ ಉದ್ದೇಶ ಪತ್ರ ಇರುವ ಕಡೆ ಮೊದಲ ವಾಕ್ಯವೇ ಆ ಹುಡುಗನ ಕಾರ್ಡಿನದ್ದಾಗಿರಲಿ. ಎಲ್ಲಿ ತಡವಾಯಿತು, ಯಾರು ಏನೆಂದರು, ನೀವು ಏನು ಮಾಡಿದಿರಿ, ಕಾರ್ಡ್ ಬಂತೋ ಇಲ್ಲವೋ, ಬರದಿದ್ದರೆ ಬರಲಿಲ್ಲ ಎಂದೇ ಬರೆಯಿರಿ. "ಸಮಾಜ ಸೇವೆ ನನ್ನ ಬಾಲ್ಯದ ಕನಸು" ಬೇಡ, ಅದನ್ನು ಎಲ್ಲರೂ ಬರೆಯುತ್ತಾರೆ. ಅಂಕದ ಬಗ್ಗೆ ಒಂದೇ ಸಾಲು: ಮನೆ ನೋಡಿಕೊಳ್ಳುತ್ತಿದ್ದೆ, ಇಂಗ್ಲಿಷ್ ಹೋಯಿತು, ಮತ್ತೆ ಕಟ್ಟಿ ಪಾಸಾದೆ. ಅಳಬೇಡಿ, ಮುಚ್ಚಿಡಲೂ ಬೇಡಿ. ಹೋಗಿ ಬಂದ ಪೇಪರು ಮಾರ್ಕ್ಸ್ ಕಾರ್ಡಿನಲ್ಲಿ ಹೇಗೂ ಕಾಣುತ್ತದೆ. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವುದಾದರೆ ಮೈಗ್ರೇಷನ್ ಸರ್ಟಿಫಿಕೇಟಿಗೆ ಈ ವಾರವೇ ಅರ್ಜಿ ಕೊಡಿ. ರಾಯಚೂರಿನ ಕೌಂಟರುಗಳನ್ನು ನೋಡಿದ ನಿಮಗೆ ಅದು ಯಾಕೆಂದು ಹೇಳಬೇಕಿಲ್ಲ.

— ಸಂ.